ಬೀಸುಕಲ್ಲಿನ ಮುಂದೆ ಅತ್ತೆ

ಥೀಮ್ ಪಾರ್ಕ್ ಅಂದರೆ ಜಾರುಬಂಡೆ, ತಿರುಗುತೊಟ್ಟಿಲು ಎಂದುಕೊಂಡು ನಾವು ಹದಿನಾರು ಜನ ನೆಂಟರು ಟೆಂಪೋದಲ್ಲಿ ಸವಣೂರಿನಿಂದ ಶಿಗ್ಗಾಂವಿ ಕಡೆಗೆ ಬಂದಿದ್ದೇವೆ. ಇಲ್ಲಿ ನೋಡಿದರೆ ಮಂದಿ, ದನ ಸಮೇತ ಊರಿಗೆ ಊರೇ ಸಿಮೆಂಟಿನದು. ಬೀಸುಕಲ್ಲಿನ ಮುಂದೆ ಮುದುಕಿಯೊಬ್ಬಳನ್ನು ಕೂರಿಸಿದ್ದಾರೆ. ಮಾಡಿದವರು ಹಿಮ್ಮಡಿಯ ಬಿರುಕನ್ನೂ ಬಿಟ್ಟಿಲ್ಲ. ಅವಳನ್ನು ಕಂಡದ್ದೇ ನನ್ನವ್ವನ ತಂಗಿ, ಮಾಸೂರಿನ ಚಿಗವ್ವ, ತಿನ್ನುತ್ತಿದ್ದ ಖಾರದ ಪೊಟ್ಟಣ ಕೈಬಿಟ್ಟು ಗಡಬಡಿಸಿ ತಲೆಗೆ ಸೆರಗು ಎಳೆದುಕೊಂಡಳು.

"ಅಯ್ಯ, ಅತ್ತಿ ಕುಂತಾರ!"

ಅವಳ ಅತ್ತೆ ತೀರಿಹೋಗಿ ಮೂರು ವರ್ಷವಾಯಿತು. ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಅವಳ ಗಂಡ, ನಮ್ಮ ಕಾಕಾ, ಒಬ್ಬರೇ ನಕ್ಕರು.

"ಏ ಹುಚ್ಚಿ, ಸಿಮೆಂಟಿನ ಗೊಂಬಿ ಅದು. ತಡಿ, ಮುಟ್ಟಿ ತೋರಸ್ತೇನಿ."

ದಡದಡ ನಡೆದವರು ಅದರ ಮುಖ ಹತ್ತಿರದಿಂದ ಕಂಡೊಡನೆ ಗಕ್ಕನೆ ನಿಂತರು. ಆಮೇಲೆ ಚಪ್ಪಲಿ ಬಿಟ್ಟರು.