ಎಳೆಯುವ ಮುಂಚಿನ ಪ್ರಶ್ನೆ

ಸಿಡ್ನಿಗೆ ಬಂದ ಮೊದಲ ವರ್ಷ ಪೆಂಡಲ್ ಹಿಲ್‌ನಲ್ಲಿ ಒಬ್ಬ ಚೀನೀ ಮುದುಕರ ಬಳಿ ರಿಸೆಪ್ಷನ್ ಕೆಲಸಕ್ಕೆ ಸೇರಿದೆ. ಮೂಳೆ ಕೂರಿಸುವುದು ಅವರ ಮನೆತನದ ವಿದ್ಯೆ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವರಿಗೆ ಬಂದದ್ದು. ಕಳಚಿದ ಭುಜ, ಜಾರಿದ ಬೆರಳು, ಉಳುಕಿದ ಮಣಿಕಟ್ಟು ಹಿಡಿದುಕೊಂಡು ಜನ ಬರುತ್ತಿದ್ದರು. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು, ನಾನೂ ಅಂದೆ.

ಅವರದೊಂದು ಪದ್ಧತಿಯಿತ್ತು. ಯಾವಾಗ ಎಳೆಯುತ್ತೇವೆಂದು ರೋಗಿಗೆ ಹೇಳಬಾರದು. ಒಂದು ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಬಾಯಿ ತೆರೆದಾಗ ಎಳೆಯಬೇಕು. ಊಟ ಆಯಿತೇ ಎಂಬಂಥ ಪ್ರಶ್ನೆ ನಡೆಯುವುದಿಲ್ಲ, ಬಾಯಿ ಉತ್ತರಿಸಿದರೂ ಮೈ ಬಿಗಿದೇ ಇರುತ್ತದೆ. ರೋಗಿ ಅನುಭವಿಸಿದ ಸಂಕಟವನ್ನು ಕೇಳಿದರೆ ಮೈ ಸಡಿಲಾಗುತ್ತದೆ. ಆದರೆ ಅವನು ಮಾಡಿದ ತಪ್ಪನ್ನು ಮಾತ್ರ ಕೇಳಬಾರದು, ಕೇಳಿದರೆ ಮೈ ಕಲ್ಲಾಗುತ್ತದೆ, ಆಗ ಎಳೆದರೆ ಜೀವ ಹೋಗುವಷ್ಟು ನೋವು. ಇದನ್ನೆಲ್ಲ ಅಂಕಲ್ ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ನನಗೆ ಕಲಿಸಿದರು. ನಮ್ಮ ದೇಶದವರು ಬಂದಾಗ ಕೇಳುವ ಕೆಲಸ ನನ್ನದು, ಹಿಂದಿಯಲ್ಲೋ ಕನ್ನಡದಲ್ಲೋ.

ನಾನು ಬೇಗ ಪಳಗಿದೆ. ಸ್ಟೂಡೆಂಟ್ ಹುಡುಗರಿಗಂತೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಇಲ್ಲೇ ಉಳಿಯಲು ಹಾಕಿದ ಪಿಆರ್ ಅರ್ಜಿ ಏನಾಯ್ತು ಅಂದರೆ ಸಾಕು, ಮುಖದ ಜೊತೆ ತೋಳೂ ಇಳಿಯುತ್ತಿತ್ತು. ಪಕ್ಕದ ಗಿರಾವೀನ್‌ನ ಒಬ್ಬ ಆಂಟಿಗೆ ನಿಮ್ಮ ಮಗಳು ಮನೆಗೆ ಬರುವುದಿಲ್ಲವಂತೆ, ಹೌದೇ ಎಂದು ಕೇಳಿದ್ದೆ. ಪಾಪ ಅನ್ನಿಸಿತು ಎಂದರೆ ಸುಳ್ಳಾದೀತು. ಮನೆಗೆ ಹೋಗಿ ಗಂಡನಿಗೆ ಅದನ್ನೆಲ್ಲ ನಗುತ್ತಾ ಹೇಳುತ್ತಿದ್ದೆ.

ಅದೇ ವರ್ಷ ಐದು ತಿಂಗಳಿಗೆ ನನ್ನ ಗರ್ಭ ಹೋಯಿತು. ಹೆಣ್ಣು ಎಂದು ಸ್ಕ್ಯಾನ್ ಮಾಡಿದವರು ಮೊದಲೇ ಹೇಳಿದ್ದರು. ಗಂಡ ಫೋನ್ ಕಾರ್ಡ್ ಉಜ್ಜಿ ಹುಬ್ಬಳ್ಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ.

“ಹೆಣ್ಣ ಇತ್ತಂತಲ್ಲ, ಹೋಗ್ಲಿ ಬಿಡು,” ಎಂದರು ಅತ್ತೆ. ಆಮೇಲೆ ಕಾರ್ಡ್ ಮುಗಿಯುವವರೆಗೂ ಯಾರದೋ ಮದುವೆಯ ಸುದ್ದಿ ಹೇಳಿದರು.

ಆ ಮಾತಿಗೆ ಅವರಿಂದ ಉತ್ತರ ವಸೂಲು ಮಾಡಲೇಬೇಕೆಂದು ಆರು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ನಾವು ಮೆಲ್ಬರ್ನ್‌ಗೆ ಬಂದು ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದ್ದೆವು. ಅತ್ತೆ ಮೂರು ತಿಂಗಳಿಗೆಂದು ಬಂದರು. ಎರಡನೇ ವಾರ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಎಡ ಭುಜ ಕಳಚಿಕೊಂಡರು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಆಸ್ಪತ್ರೆಯವರು ಕೊಯ್ದುಬಿಡುತ್ತಾರೆ, ಎಲುಬು ಕೂರಿಸುವವರು ಈ ದೇಶದಲ್ಲಿ ಇಲ್ಲವೇ ಎಂದು ಅತ್ತೆ ಹಟ ಹಿಡಿದರು. ನಾನು ಎರಡನೇ ಸಲ ಆಸ್ಪತ್ರೆಯ ಮಾತೆತ್ತಲಿಲ್ಲ. ಅಂಕಲ್ ಅವರ ಮಗಳು ಮೆಲ್ಬರ್ನ್‌ನಲ್ಲೇ ಅಪ್ಪನ ವಿದ್ಯೆ ನಡೆಸುತ್ತಿದ್ದಳು. ಫ್ರೀವೇಯಲ್ಲಿ ನಲವತ್ತು ನಿಮಿಷದ ದಾರಿ. ಸೀಟ್ ಬೆಲ್ಟ್ ಭುಜಕ್ಕೆ ಒತ್ತಿದಾಗಲೆಲ್ಲ ಅತ್ತೆ ನರಳಿದರು, ನಾನು ಕಾರು ನಿಧಾನ ಮಾಡಲಿಲ್ಲ.

ಅಂಕಲ್ ಮಗಳು ಭುಜವನ್ನು ಮುಟ್ಟಿ ನೋಡಿ, ಗಿಡಮೂಲಿಕೆ ನೆನೆಸಿಟ್ಟ ಮದ್ಯ ಹಚ್ಚಿ ತಿಕ್ಕಿದಳು. ಲಿಂಗಪೂಜೆ ಇಲ್ಲದೆ ನೀರೂ ಮುಟ್ಟದ ಅತ್ತೆಗೆ ಅದು ಆಯುರ್ವೇದದ ಎಣ್ಣೆ ಎಂದೆ. ಮೈ ತುಂಬಾ ಬಿಗಿದಿದೆ, ಒಳ್ಳೆಯ ಪ್ರಶ್ನೆ ನೋಡಿ ಕೇಳು ಎಂದು ಮಗಳು ಇಂಗ್ಲಿಷಿನಲ್ಲಿ ಎಚ್ಚರಿಸಿ ತೋಳು ಹಿಡಿದಳು. ಸಡಿಲಾಗಲು ಏನು ಕೇಳಬೇಕೆಂದು ನನಗೆ ಗೊತ್ತಿತ್ತು. ತೀರಿಹೋದ ಮಾವನವರ ಹೆಸರೆತ್ತಿದ್ದರೆ ಸಾಕಿತ್ತು. ಆದರೆ ನನಗೆ ಅವರು ಕಿರುಚುವುದು ಬೇಕಿತ್ತು.

“ಅತ್ತೀ, ನನ್ನ ಕೂಸು ಹೋದಾಗ, ಹೆಣ್ಣ ಇತ್ತಂತಲ್ಲ ಹೋಗ್ಲಿ ಬಿಡು ಅಂದ್ರಿ. ಯಾಕ್ ಅಂದ್ರಿ?”

ಅತ್ತೆ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಒದ್ದಾಡಿದರು. ನಾಟಕವಾಗಿದ್ದರೆ ನನಗೆ ತಿಳಿಯುತ್ತಿತ್ತು, ಎಷ್ಟು ಮುಖ ನೋಡಿದ್ದೆ ನಾನು. ಯೋಚಿಸುತ್ತಾ ಯೋಚಿಸುತ್ತಾ ಅವರ ಭುಜ ತಾನಾಗಿ ಇಳಿಯಿತು.

“ಹಂಗ ಅಂದಿದ್ನೇನ ನಾ? ಯಾವಾಗ ಯವ್ವಾ?”

ಟಕ್ಕೆಂದು ಸದ್ದಾಯಿತು. ಅತ್ತೆ ಕಿರುಚಲಿಲ್ಲ, ಹಾ ಎಂದೂ ಅನ್ನಲಿಲ್ಲ. ಅಷ್ಟು ಹಗುರಾಗಿ ಕೂತ ಭುಜವನ್ನು ಸಿಡ್ನಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅಪ್ಪ ನಿನಗೆ ಚೆನ್ನಾಗಿ ಕಲಿಸಿದ್ದಾರೆ ಎಂದು ಮಗಳು ನನ್ನ ಬೆನ್ನು ತಟ್ಟಿದಳು. ನಾನು ಅಲ್ಲಿದ್ದ ಕುರ್ಚಿಯಲ್ಲಿ ಕೂತೆ.

ವಾಪಸು ಬರುವಾಗ ಅತ್ತೆ ಕೈಯನ್ನು ಜೋಲಿಯಲ್ಲಿಟ್ಟುಕೊಂಡು ಆ ಹುಡುಗಿಯ ಕೈಗುಣವನ್ನು ಹೊಗಳುತ್ತಲೇ ಇದ್ದರು. ಪಾಯಿಂಟ್ ಕುಕ್‌ನ ತಿರುವು ಬಂದಾಗ ಥಟ್ಟನೆ ಕೇಳಿದರು.

“ಅಲ್ಲೆ ನೀ ಏನೋ ಕೇಳಿದ್ಯಲ್ಲ, ಏನದು?”

“ಏನಿಲ್ರಿ ಅತ್ತಿ. ಎಳಿಯೂಕಿಂತ ಮೊದ್ಲ ಏನರ ಕೇಳೂದು ಅವರ ಪದ್ಧತಿ.”

“ಚಲೋ ಪದ್ಧತಿ ನೋಡು,” ಎಂದರು. “ನನಗ ಒಂಚೂರೂ ನೋವಾಗ್ಲಿಲ್ಲ.”