ಹಂಡೆ ಒಲೆಯ ಮುಂದೆ ಚನ್ನಕ್ಕ

ನಮ್ಮ ಎದುರು ಮನೆಯ ಚನ್ನಕ್ಕನನ್ನು ಜಗಳಗಂಟಿ ಎಂದು ನಮ್ಮೂರು ಕೋಗಿಲಿನಲ್ಲಿ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜಗಳ ಆಡಿದ್ದು ನಿಜ. ಆಡದೆ ಇನ್ನೇನು ಮಾಡಬೇಕಿತ್ತು?

ವಿಜಯಪುರದ ಕಡೆಯವಳು. ಗಂಡ ಕಾಶಿನಾಥನಿಗೆ ಕಾರ್ಖಾನೆಯಲ್ಲಿ ಕೆಲಸ, ಮಗಳು ಸ್ನೇಹಾಗೆ ಉಬ್ಬಸ. ಬಾಡಿಗೆಗಿದ್ದದ್ದು ವೆಂಕಟರಾಮಯ್ಯನವರ ಮಹಡಿಯಲ್ಲಿ. ಕೆಳಗೆ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಹಂಡೆ ಒಲೆ. ಮಾಲೀಕರ ಹೆಂಡತಿ ಪಟಾಲಮ್ಮ ದಿನಾ ಬೆಳಿಗ್ಗೆ ತೆಂಗಿನ ಗರಿ ಬೇಗ ಹತ್ತಲಿ ಎಂದು ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್ಟು ತುರುಕಿ ಉರಿ ಹಾಕುತ್ತಿದ್ದರು. ಆ ಕಪ್ಪು ಹೊಗೆ ನೇರ ಮಹಡಿಯ ಕಿಟಕಿಗೆ ಹೋಗುತ್ತಿತ್ತು.

ಚನ್ನಕ್ಕ ಮೊದಲು ಕೈಮುಗಿದೇ ಕೇಳಿದಳು. ವೆಂಕಟರಾಮಯ್ಯ ಸೊಪ್ಪು ಹಾಕಲಿಲ್ಲ. "ನಮ್ಮಪ್ಪನ ಕಾಲದಿಂದ ಇಂಗೇ ಉರಿ ಆಕ್ತಿರೋದು" ಎಂದರು. ಅವರಪ್ಪನ ಕಾಲದಲ್ಲಿ ಹಾಲಿನ ಕವರ್ ಎಲ್ಲಿತ್ತು? ಕೊಟ್ಟಿಗೆಯಲ್ಲಿ ಹಸು ಇತ್ತು.

ಆಗಲೇ ನಮ್ಮ ಬೀದಿಗೆ ಹೊಸ ಪ್ರಯೋಗ ಬಂತು. ತೆಳು ಕವರ್‌ಗಳನ್ನು ಮನೆಮನೆಯಿಂದ ಬೇರೆಯಾಗಿ ಕೂಡಿಸಿ ಶನಿವಾರ ಬರುವ ಕಸದ ಆಟೋಗೆ ಕೊಟ್ಟರೆ ಮರುಬಳಕೆಗೆ ಹೋಗುತ್ತವೆ. ಕೂಡಿಸುವ ಕೆಲಸಕ್ಕೆ ಚನ್ನಕ್ಕ ತಾನೇ ಮುಂದೆ ಬಂದಳು. ಕವರ್ ಆಟೋ ಹತ್ತಿದರೆ ಒಲೆಗೆ ಬೀಳುವುದಿಲ್ಲವಲ್ಲ, ಅವಳಿಗೆ ಬೇಕಿದ್ದದ್ದು ಅಷ್ಟೇ.

ಮೊದಲ ವಾರ ನಾವೆಲ್ಲ ಕೊಟ್ಟದ್ದು ಹುಳಿ ನಾರುವ, ಇರುವೆ ಮುತ್ತಿದ ಕವರ್‌ಗಳು. ಆಟೋದವರು ಮೂಗು ಮುಚ್ಚಿಕೊಂಡು ಅಲ್ಲೇ ಬಿಟ್ಟುಹೋದರು. ಚನ್ನಕ್ಕ ನಮ್ಮ ಅಡುಗೆಮನೆಗಳಿಗೇ ನುಗ್ಗಿದಳು. ಕವರ್ ಸೀಳಿ, ಪಾತ್ರೆ ತೊಳೆಯುವಾಗಲೇ ಜಾಲಿಸಿ, ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿ ತೋರಿಸಿದಳು. ಒಣಗಿದ ಮೇಲೆ ತಾನೇ ಉದುರುತ್ತದೆ. "ವೇದಾ, ಹಾಲು ಕುಡ್ಯಾಕ ಬರ್ತದ, ಕವರ್ ತೊಳ್ಯಾಕ ಬರಂಗಿಲ್ಲೇನು?" ಎಂದು ನನಗೂ ಬಿತ್ತು. ಬೈಸಿಕೊಂಡು ತೊಳೆದೆ.

ಬೀದಿಯೆಲ್ಲ ಕೊಟ್ಟಿತು, ವೆಂಕಟರಾಮಯ್ಯನವರ ಮನೆಯೊಂದು ಬಿಟ್ಟು.

ಒಂದು ಶನಿವಾರ ಬೆಳಿಗ್ಗೆ ಸ್ನೇಹಾಗೆ ಉಸಿರೇ ಸಿಕ್ಕದಂತಾಯಿತು. ಅವಳಿಗೆ ಇನ್‌ಹೇಲರ್ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಚನ್ನಕ್ಕ ಹಿತ್ತಲಿಗಿಳಿದಳು. ಉರಿಯುತ್ತಿದ್ದ ಒಲೆಗೆ ಒಂದು ಬಕೆಟ್ ನೀರು ಸುರಿದಳು. ಗಲಾಟೆ ಕೇಳಿ ನಾನೂ ಓಡಿದೆ.

"ಮನೆ ನಂದು, ಒಲೆ ನಂದು. ಒಗೆ ಆಗಲ್ಲ ಅಂದ್ರೆ ಖಾಲಿ ಮಾಡಮ್ಮ" ಎಂದರು ವೆಂಕಟರಾಮಯ್ಯ.

"ಮನಿ ನಿಮ್ದರಿ, ಒಲಿನೂ ನಿಮ್ದರಿ. ಹೊಗಿನೂ ನಿಮ್ಮ ಮನ್ಯಾಗ ಇಟ್ಕೋರಿ. ನನ್ನ ಮಗಳ ಎದ್ಯಾಗ ಯಾಕ ತುಂಬ್ತೀರಿ?" ಅವಳ ದನಿ ಏರಲೇ ಇಲ್ಲ. "ಖಾಲಿ ಮಾಡ್ತೀನ್ರಿ. ಆದ್ರ ಆ ಕವರ್ ಒಯ್ಯದ ಇಲ್ಲಿಂದ ಕದಲಂಗಿಲ್ಲ."

ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತಿದ್ದ ಪಟಾಲಮ್ಮ ಎದ್ದರು. ಗರಿಗಳ ಹಿಂದೆ ಕವರ್ ತುಂಬಿಟ್ಟಿದ್ದ ಗೋಣಿಚೀಲ ಎಳೆದು ತಂದು ಚನ್ನಕ್ಕನ ಕೈಗಿಟ್ಟರು. ಒಂದನ್ನೂ ತೊಳೆದಿರಲಿಲ್ಲ. ಚನ್ನಕ್ಕ ಬೈಯಲಿಲ್ಲ.

"ಏನ್ ಮಾಡ್ತಿದ್ದೀಯೆ?" ಎಂದರು ಗಂಡ.

ಪಟಾಲಮ್ಮ ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡರು. "ದಿನಾ ಈ ಒಗೆ ಕುಡ್ಯೋಳು ನಾನು. ನೀವು ಬಿಸ್ನೀರು ಉಯ್ಕೊಳ್ಳೋರು. ಅವ್ಳನ್ನ ಖಾಲಿ ಮಾಡ್ಸೋದಾದ್ರೆ ಮೊದ್ಲು ನನ್ನ ಕಳ್ಸಿ."

ವೆಂಕಟರಾಮಯ್ಯ ಅವತ್ತು ತಣ್ಣೀರಲ್ಲಿ ಸ್ನಾನ ಮಾಡಿದರು.