ಮನೆಯಲ್ಲಿ ಯಾರಿಗಾದರೂ ಇತ್ತೆ?

ಮೂರು ದಿನದಿಂದ ಮೂತ್ರ ಕೆಂಪಗೆ ಹೋಗುತ್ತಿತ್ತು. ನೋವು ಮಾತ್ರ ಇರಲಿಲ್ಲ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂತ್ರಕೋಶದ ಕ್ಯಾನ್ಸರ್ ಇತ್ತೆ?" ಎಂದು ವಿಲೆ ಪಾರ್ಲೆಯ ಡಾಕ್ಟರು ಹಿಂದಿಯಲ್ಲಿ ಕೇಳಿದಾಗ ನನ್ನ ಗಂಡ ನನಗಿಂತ ಮೊದಲೇ ಇಲ್ಲವೆಂದ. ಪಾಪ, ಅವನಿಗೆ ಗೊತ್ತಿದ್ದದ್ದು ಅಷ್ಟೆ. ಎಲ್ಲ ಗೊತ್ತಿದ್ದ ನಾನೂ ಇಲ್ಲವೆಂದೆ. ಬೀಡಿ, ಸಿಗರೇಟು? ಅದಕ್ಕೂ ಇಲ್ಲ. ಈ ಪ್ರಶ್ನೆಯನ್ನು ಡಾಕ್ಟರು ನಗುತ್ತಲೇ ಕೇಳಿದ್ದರು. ಕುಂಕುಮ ಇಟ್ಟು, ಮಲ್ಲಿಗೆ ಮುಡಿದು ಬಂದ ಹೆಂಗಸನ್ನು ಇನ್ನು ಹೇಗೆ ಕೇಳಿಯಾರು?

ಇತ್ತು, ನನ್ನ ಅಪ್ಪನಿಗೆ. ಬೈಕುಲ್ಲಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಒಂದರ ಬೆನ್ನಿಗೆ ಒಂದು ಸಿಗರೇಟು ಸೇದುತ್ತಿದ್ದವನಿಗೆ ರಕ್ತ ಹೋಗಲು ಶುರುವಾದದ್ದು ನನಗೆ ಗಂಡು ನೋಡುತ್ತಿದ್ದ ವರ್ಷ. ಕ್ಯಾನ್ಸರ್ ಇರುವ ಮನೆಯ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಅಮ್ಮ ಎಲ್ಲರಿಗೂ ಕಿಡ್ನಿಯ ಕಲ್ಲು ಎಂದಳು. "ಮದುವೆ ಮುಗಿಯುವ ತನಕ ಬಾಯಿ ಬಿಡ್ಬೇಡ ಮಾರಾಯ್ತಿ" ಎಂದು ನನಗೂ ಹೇಳಿದಳು. ಮದುವೆ ಮುಗಿಯಿತು, ಅಪ್ಪನೂ ಹೋದ, ಬಾಯಿ ಬಿಡುವ ಮುಹೂರ್ತ ಮಾತ್ರ ಬರಲೇ ಇಲ್ಲ.

ಸಿಗರೇಟು ನನ್ನ ಸ್ವಂತ ಸಂಪಾದನೆ. ಅಂಧೇರಿಯ ಸ್ಟುಡಿಯೋದಲ್ಲಿ ಹಿಂದಿ ಧಾರಾವಾಹಿಗಳ ಕೆಟ್ಟ ಅತ್ತೆಯರಿಗೆ ಕನ್ನಡದ ದನಿ ಕೊಡುವುದು ನನ್ನ ಕೆಲಸ. ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ಗಂಟೆ ಯಾರದೋ ಸೊಸೆಯನ್ನು ಬೈದು ಹೊರಬಂದರೆ ಮೆಟ್ಟಿಲ ಮೇಲೆ ಒಂದು ಬೇಕೇ ಬೇಕು. ಸೀರೆಗೆ ಅಂಟಿದ ವಾಸನೆಯನ್ನು ಸ್ಟುಡಿಯೋದ ಗಂಡಸರ ತಲೆಗೆ ಕಟ್ಟುತ್ತಿದ್ದೆ. ಬಿಡಬೇಕು ಅನಿಸಿದಾಗೆಲ್ಲ, ಅಪ್ಪನ ರಕ್ತ ತಾನೇ, ಬರುವುದಿದ್ದರೆ ಹೇಗೂ ಬರುತ್ತದೆ ಎಂದು ಇನ್ನೊಂದು ಹಚ್ಚುತ್ತಿದ್ದೆ. ಎಷ್ಟು ಅನುಕೂಲದ ವೇದಾಂತ!

"ಹಾಗಾದರೆ ಇನ್‌ಫೆಕ್ಷನ್ ಇರಬೇಕು, ಹೆಂಗಸರಲ್ಲಿ ಸಾಮಾನ್ಯ" ಎಂದು ಡಾಕ್ಟರು ಐದು ದಿನದ ಮಾತ್ರೆ ಬರೆದರು. ಅಪ್ಪನಿಗೂ ಮೊದಲು ಬರೆದದ್ದು ಮಾತ್ರೆಯನ್ನೇ. ಅದು ಮುಗಿದು, ಇನ್ನೊಂದು ಮುಗಿದು, ಕೊನೆಗೆ ಒಳಗೆ ನೋಡುವಷ್ಟರಲ್ಲಿ ಹೊತ್ತು ಮೀರಿತ್ತು.

ಮನೆಗೆ ಹೊರಟ ರಿಕ್ಷಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಎಡಕ್ಕೆ ಬಸ್ಸು, ಬಲಕ್ಕೆ "ಸುಮ್ಮನೆ ಹೆದರಿದೆ ನೋಡು" ಎಂದು ನಗುತ್ತಿದ್ದ ಗಂಡ. ಹೇಳಿದರೆ ಸಂಸಾರ ಕೆಡುತ್ತದೆ, ಹೇಳದಿದ್ದರೆ ನಾನೇ ಉಳಿಯುವುದಿಲ್ಲ. ಹೇಳಿಬಿಟ್ಟೆ, ಅಪ್ಪನದ್ದು, ಸಿಗರೇಟಿನದ್ದು, ಎರಡೂ.

ಅವನ ನಗು ನಿಂತಿತು. "ಇಪ್ಪತ್ತೆರಡು ವರ್ಷ ನನ್ನನ್ನು ಎಂತ ಅಂದ್ಕೊಂಡಿದ್ದಿ ನೀನು?" ಎಂದ. ಆಮೇಲೆ ಡ್ರೈವರನಿಗೆ, "ಭಯ್ಯಾ, ವಾಪಸ್ ಲೇಲೋ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾಡಿದ್ದು ಸ್ಕೋಪ್ ಹಾಕಿ ಒಳಗೆ ನೋಡೋಣ ಎಂದರು. "ಅಪ್ಪನಿಗಿದ್ದರೆ ಮಕ್ಕಳಿಗೆ ಸಾಧ್ಯತೆ ಸ್ವಲ್ಪ ಹೆಚ್ಚು, ಬರಲೇಬೇಕೆಂದಿಲ್ಲ. ದೊಡ್ಡ ಪಾಲು ತಂಬಾಕಿನದು. ಅದರ ವಿಷ ಮೂತ್ರಕ್ಕೆ ಸೇರಿ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಹುಟ್ಟಿದ ಮನೆ ಬದಲಿಸಲು ಆಗದು, ಸಿಗರೇಟು ಇವತ್ತೇ ಬಿಡಬಹುದು" ಎಂದರು. ನನ್ನ ವೇದಾಂತ ಅಲ್ಲಿಗೆ ಮುಗಿಯಿತು.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಗಂಡ ಮೆಲ್ಲಗೆ ಹೇಳಿದ, "ಮಗಳಿಗೆ ಹೇಳುವುದು ಬೇಡ. ಇನ್ನು ನಾಲ್ಕು ವರ್ಷಕ್ಕೆ ಅವಳಿಗೂ ಗಂಡು ನೋಡ್ಬೇಕಲ್ಲ." ಒಂದು ಗಂಟೆ ಹಿಂದೆ ನನ್ನ ಮೇಲೆ ಸಿಟ್ಟಾದ ಅದೇ ಮನುಷ್ಯ! ನಾಚಿಕೆಯ ವಿಷಯವೆಂದರೆ, ನನಗೆ ಸಮಾಧಾನವೇ ಆಯಿತು. ಸರಿ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಕಾಲೇಜಿನಿಂದ ಅವಳದೇ ಫೋನು.

"ಡಾಕ್ಟರ್ ಕ್ಯಾ ಬೋಲೇ, ಅಮ್ಮ?"

ಹತ್ತೊಂಬತ್ತರ ಹುಡುಗಿ. ಅವಳನ್ನೂ ಯಾವುದೋ ಡಾಕ್ಟರು ಒಂದು ದಿನ ಇದನ್ನೇ ಕೇಳಬಹುದು, ಅವಳು ಏನೂ ತಿಳಿಯದೆ ಇಲ್ಲವೆನ್ನಬಹುದು. ಭಯವಾಯಿತು. ಅಜ್ಜನದ್ದು, ನನ್ನದು, ಡಾಕ್ಟರು ಅಂದದ್ದು, ಎಲ್ಲ ಹೇಳಿದೆ. ಗಂಡ ಕೈಸನ್ನೆಯಲ್ಲಿ ತಡೆಯುತ್ತಲೇ ಇದ್ದ. ಅವಳು ತನ್ನ ಹರಕು ಕನ್ನಡದಲ್ಲಿ ಕೇಳಿದಳು:

"ಹಾಗಾದ್ರೆ ಸಿಗರೇಟ್ ನಾನು ಕೂಡ ಬಿಡ್ಬೇಕಾ, ಅಮ್ಮ?"